ಡಬ್ಬಿಂಗ್ ಇಲ್ಲದೆ ಚಿತ್ರ ಮಾಡಿದ ನನ್ನ ಅನುಭವ

2013ರಲ್ಲಿ ಪವನ್ ಕುಮಾರ್ ಅವರ ‘ಲೂಸಿಯಾ’ ಪ್ರೇಕ್ಷಕರೇ ಕೂಡಿಸಿದ ಹಣದಿಂದ ತೆರೆಗೆ ಬಂದಾಗ, ನಿರ್ಮಾಪಕರ ಬಾಗಿಲು ಕಾಯದೆಯೂ ಚಿತ್ರ ಮಾಡಬಹುದೆಂಬ ಧೈರ್ಯ ನನ್ನಂತಹ ಸಹಾಯಕ ನಿರ್ದೇಶಕರಿಗೆ ಬಂತು. ಮಂಡ್ಯ ಕಡೆಯ ಹಳ್ಳಿಗರೇ ನಟಿಸಿದ್ದ ರಾಮ್ ರೆಡ್ಡಿಯವರ ‘ತಿಥಿ’ಗೆ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದ ‘ಫಿಲ್ಮ್‌ಮೇಕರ್ಸ್ ಆಫ್ ದಿ ಪ್ರೆಸೆಂಟ್’ ವಿಭಾಗದ ಗೋಲ್ಡನ್ ಲೆಪರ್ಡ್ ಪ್ರಶಸ್ತಿ ದೊರೆತ ಮೇಲೆ, ಯಾರನ್ನು ಇಟ್ಟುಕೊಂಡು ಮಾಡಬೇಕೆಂಬುದೂ ನಿಚ್ಚಳವಾಯಿತು. ಜಾಹೀರಾತುಗಳ ಎಡಿಟಿಂಗ್ ಮಾಡಿ ಉಳಿಸಿದ್ದಕ್ಕೆ ಸ್ನೇಹಿತರ ಕೈಗಡ ಸೇರಿಸಿ ನನ್ನ ಮೊದಲ ಚಿತ್ರಕ್ಕೆ ಕೈಹಾಕಿದಾಗ, ಕ್ಯಾಮೆರಾ ಬಾಡಿಗೆಗೂ ಮೊದಲು ನಾನು ಎತ್ತಿಟ್ಟದ್ದು ಧ್ವನಿಯ ಖರ್ಚನ್ನು.

ಎಂದೂ ನಟಿಸದವರು ತಮ್ಮ ಮನೆಯ ಜಗಲಿಯಲ್ಲಿ ಆಡಿದ ಮಾತನ್ನು ತಿಂಗಳುಗಳ ನಂತರ ಬೆಂಗಳೂರಿನ ಸ್ಟುಡಿಯೊದಲ್ಲಿ ತುಟಿ ನೋಡಿಕೊಂಡು ಮತ್ತೆ ಆಡಲಾರರು. ಬೇರೆಯವರಿಂದ ಕಂಠ ಕೊಡಿಸಿದರೆ ಆ ಸೀಮೆಯ ರಾಗವೇ ಹೋಗುತ್ತದೆ. ಹಾಗಾಗಿ ಸಿಂಕ್ ಸೌಂಡ್, ಅಂದರೆ ಚಿತ್ರೀಕರಣದ ಹೊತ್ತಿನಲ್ಲೇ ಮಾತನ್ನೂ ದಾಖಲಿಸಿಕೊಳ್ಳುವುದು, ಅನಿವಾರ್ಯವಾಗಿತ್ತು.

ಹಳ್ಳಿಯೆಂದರೆ ನಿಶ್ಶಬ್ದ ಎಂದುಕೊಳ್ಳುವವರು ಪಟ್ಟಣದವರು. ತ್ರೀಫೇಸ್ ಕರೆಂಟ್ ಬಂದ ಕ್ಷಣದಿಂದ ಸುತ್ತಲ ಪಂಪ್‌ಸೆಟ್‌ಗಳೂ ಹಿಟ್ಟಿನ ಗಿರಣಿಯೂ ಒಟ್ಟಿಗೆ ಶುರುವಾಗುತ್ತವೆ. ನಾನು ಲೈನ್‌ಮನ್ ಸ್ನೇಹ ಮಾಡಿಕೊಂಡು, ಕರೆಂಟಿನ ಪಾಳಿ ತಿಳಿದ ಮೇಲೆಯೇ ಮಾತಿನ ದೃಶ್ಯಗಳ ವೇಳಾಪಟ್ಟಿ ಬರೆಯುತ್ತಿದ್ದೆ; ಮಾತಿಲ್ಲದ ದೃಶ್ಯಗಳೆಲ್ಲ ಪಂಪ್ ಓಡುವ ಹೊತ್ತಿಗೆ.

ಗಂಡಸರ ಲೇಪಲ್ ಮೈಕ್ (ಬಟ್ಟೆಗೆ ಸಿಕ್ಕಿಸುವ ಪುಟ್ಟ ಮೈಕ್) ರುಮಾಲಿನ ಮಡಿಕೆಯಲ್ಲಿ ಸುಲಭವಾಗಿ ಅಡಗುತ್ತಿತ್ತು. ತೊಡಕಾದದ್ದು ಮುಖ್ಯ ಪಾತ್ರದ ಅಜ್ಜಿಯ ಗಾಜಿನ ಬಳೆಗಳಿಂದ. ಅವರು ಅವರೆಕಾಯಿ ಸುಲಿಯುತ್ತ ಮಗನನ್ನು ಬೈಯಬೇಕಿತ್ತು, ಪ್ರತಿ ಕಾಯಿಗೂ ಬಳೆಯ ಸದ್ದು ಮಾತಿನ ಮೇಲೆಯೇ ಬೀಳುತ್ತಿತ್ತು. ಸೌಂಡ್ ರೆಕಾರ್ಡಿಸ್ಟ್ ಹಿಂಜರಿಯುತ್ತಲೇ ಕೇಳಿದಾಗ ಅಜ್ಜಿ, “ಮುತ್ತೈದೆ ಕೈಯಿಂದ ಬಳೆ ತೆಗೆಸ್ತೀಯೇನಪ್ಪಾ?” ಎಂದರು. ಕೊನೆಗೆ ಬದಲಾದದ್ದು ದೃಶ್ಯ: ಬೈಯುವಾಗ ಅವರ ಕೈ ನಿಲ್ಲುತ್ತದೆ, ಮಗ ಉತ್ತರ ಕೊಡದೆ ಕುಳಿತಾಗ ಮತ್ತೆ ಸುಲಿಯತೊಡಗುತ್ತಾರೆ. ನಾನು ಬರೆದಿದ್ದ ದೃಶ್ಯಕ್ಕಿಂತ ಅದು ಚೆನ್ನಾಗಿದೆ, ಏಕೆಂದರೆ ಸಿಟ್ಟು ಎಷ್ಟೆಂಬುದು ಬಳೆಯಿಂದಲೇ ತಿಳಿಯುತ್ತದೆ.

ಸೆನ್ಸಾರ್, ಚಿತ್ರೋತ್ಸವಗಳ ಅರ್ಜಿ ಇತ್ಯಾದಿ ಎಲ್ಲರಿಗೂ ಇದ್ದದ್ದೇ. ಆದರೆ ಮಿಕ್ಸಿಂಗ್, ಅಂದರೆ ಮಾತು, ಸಂಗೀತ, ಸದ್ದುಗಳನ್ನು ಹದವಾಗಿ ಬೆರೆಸುವ ಕೆಲಸದ ಕುರಿತು ಒಂದು ಮಾತು. ಸ್ಟುಡಿಯೊದಲ್ಲಿ 5.1 (ಸುತ್ತಲೂ ಸ್ಪೀಕರ್‌ಗಳಿರುವ) ಮಿಕ್ಸಿಂಗ್ ನಡೆಯುವುದು ಫೇಡರ್, ಅಂದರೆ ಧ್ವನಿ ಏರಿಸಿ ಇಳಿಸುವ ನಿಯಂತ್ರಣ, 7ರ ಮಟ್ಟದಲ್ಲಿದ್ದಾಗ. ಅನೇಕ ಚಿತ್ರಮಂದಿರಗಳು ಅಬ್ಬರದ ಚಿತ್ರಗಳಿಗೆಂದು ಅದನ್ನು 5ರ ಆಸುಪಾಸಿಗೆ ಇಳಿಸಿಟ್ಟಿರುತ್ತವೆ, ಪಿಸುಮಾತು ಅಲ್ಲಿ ಕೇಳುವುದೇ ಇಲ್ಲ. ಅದಕ್ಕಾಗಿ ನಾವು ಕಡಿಮೆ ಮಟ್ಟದಲ್ಲೂ ಕೇಳಿ ನೋಡಿ ಸಂಭಾಷಣೆಯನ್ನು ತುಸು ಎತ್ತಿದೆವು. ಬಿಡುಗಡೆಯ ದಿನ ಮೊದಲ ಆಟಕ್ಕೆ ಮುನ್ನವೇ ಹೋಗಿ, ಚಹಾ ಕುಡಿಸಿ, ಆಪರೇಟರ್ ಅಣ್ಣನಿಂದ ಫೇಡರನ್ನು 6ಕ್ಕೆ ಏರಿಸಿಕೊಂಡೆ. ಮಧ್ಯಾಹ್ನದ ಆಟಕ್ಕೆ ಅದು ಮತ್ತೆ 5ಕ್ಕೆ ಇಳಿದಿತ್ತು, ನಾನೂ ಮತ್ತೆ ಮೆಟ್ಟಿಲು ಹತ್ತಿದೆ.