ಚುಕ್ಕೆ ಅಕ್ಷರ ಬಿಟ್ಟು ಒದ್ದೆ ಸ್ಲೇಟು ಹಿಡಿದ ಮೇಲೆ: ನನ್ನ ಅನುಭವ

ನನ್ನ ಮಗಳು ಈಗ ಎರಡು ಗೆರೆಗಳ ನಡುವೆ, ತಲೆಕಟ್ಟು ಎಲ್ಲೂ ಮೇಲಿನ ಗೆರೆಯನ್ನು ದಾಟದಂತೆ, ಇಡೀ ಪುಟವನ್ನು ಒಂದೇ ಸಮನಾಗಿ ಬರೆಯುತ್ತಾಳೆ. ಒಂದೂವರೆ ವರ್ಷದ ಹಿಂದೆ ಅವಳ ಬರಹ ಕಾಗೆಕಾಲು ಗುಬ್ಬಿಕಾಲು ಆಗಿತ್ತು. ಆಗ ಅವಳ ಕೈಯಿಂದ ಪೆನ್ಸಿಲ್ ತೆಗೆದು ಬಳಪ ಕೊಟ್ಟಾಗ, ಮುಂದೆ ಹೋಗಬೇಕಾದ ಮಗುವನ್ನು ಹಿಂದಕ್ಕೆ ಎಳೆಯುತ್ತಿದ್ದೀಯ ಎಂದು ಮನೆಯ ಹಿರಿಯರು ಬೇಸರಪಟ್ಟರು. ದಿನಕ್ಕೊಂದು ಪುಟ ಕಾಪಿ ಬರೆಸದೆ ಅಕ್ಷರ ದುಂಡಗಾಗದು ಎಂದು ಅವಳ ಶಿಕ್ಷಕಿಯೂ ಹೇಳಿದರು. ಇಂದು ಅದೇ ಶಿಕ್ಷಕಿ ಅವಳ ಪುಸ್ತಕವನ್ನು ಉಳಿದ ಮಕ್ಕಳಿಗೆ ತೋರಿಸುತ್ತಾರೆ. ಅದಕ್ಕಾಗಿಯೇ ಇದನ್ನು ಬರೆಯುವ ಧೈರ್ಯ ಬಂದಿದೆ.

ಮೊದಲು ಸೋತ ಬಗೆಯನ್ನು ಹೇಳಬೇಕು, ಏಕೆಂದರೆ ಹಣವೆಲ್ಲ ಹೋದದ್ದು ಅಲ್ಲಿಯೇ. ಚುಕ್ಕೆ ಜೋಡಿಸುವ ಪುಸ್ತಕಗಳನ್ನು ಹತ್ತು ಹನ್ನೆರಡಾದರೂ ಕೊಂಡಿರಬೇಕು. ಮಗು ಚುಕ್ಕೆಗಳನ್ನು ಸರಿಯಾಗಿಯೇ ಸೇರಿಸುತ್ತಿತ್ತು, ಆದರೆ ಅದರ ಕಣ್ಣು ಮುಂದಿನ ಚುಕ್ಕೆಯ ಮೇಲಿರುತ್ತಿತ್ತೇ ಹೊರತು ಅಕ್ಷರದ ಮೇಲಿರುತ್ತಿರಲಿಲ್ಲ. ಒಂದು ದಿನ ‘ಸ’ವನ್ನು ಬಲತುದಿಯಿಂದ ಆರಂಭಿಸಿದರೆ ಮರುದಿನ ನಡುವಿನಿಂದ ಆರಂಭಿಸುತ್ತಿದ್ದಳು, ಮತ್ತು ಚುಕ್ಕೆಗಳಿಲ್ಲದ ಹಾಳೆ ಕೊಟ್ಟ ಕೂಡಲೇ ಕೈ ನಿಂತುಬಿಡುತ್ತಿತ್ತು. ಆನಂತರ ಪೆನ್ಸಿಲ್‌ಗೆ ತೊಡಿಸುವ ರಬ್ಬರ್ ಹಿಡಿಕೆಗಳನ್ನು ಮೂರು ಬಗೆಯಲ್ಲಿ ತಂದೆ. ಅವಳು ಹಿಡಿಕೆಯನ್ನು ಬಿಟ್ಟು ಅದಕ್ಕಿಂತ ಮೇಲೆ ಪೆನ್ಸಿಲ್ ಮೇಲೆಯೇ ಬೆರಳಿಟ್ಟು ಬರೆದಳು. ಮೊಬೈಲ್‌ನಲ್ಲಿ ಅಕ್ಷರ ತಿದ್ದಿಸುವ ಆ್ಯಪ್‌ಗೂ ಒಂದು ವರ್ಷದ ಹಣ ಕಟ್ಟಿದ್ದೆ, ಆದರೆ ಗಾಜಿನ ಮೇಲೆ ಜಾರುವ ಬೆರಳಿಗೆ ಬಳಪದ ಒರಟು ತಡೆ ಸಿಗುವುದಿಲ್ಲ. ನೆನಪಿನಿಂದ ಲೆಕ್ಕ ಹಾಕಿದರೆ, ಒಟ್ಟು ಖರ್ಚಿನ ಹತ್ತರಲ್ಲಿ ಒಂಬತ್ತು ಪಾಲು ಇವಕ್ಕೇ ಹೋಯಿತು. ಕೆಲಸ ಮಾಡಿದ್ದು ಉಳಿದ ಒಂದು ಪಾಲು.

ಆ ಒಂದು ಪಾಲಿನಲ್ಲಿದ್ದವು ಕಲ್ಲಿನ ಸ್ಲೇಟು, ಬಳಪ ಮತ್ತು ಚಿಕ್ಕ ಸ್ಪಂಜು, ಇಷ್ಟೇ. ಬಳಪವನ್ನು ಹೆಬ್ಬೆರಳಿನ ಉಗುರಿನಷ್ಟು ಉದ್ದಕ್ಕೆ ಮುರಿದು ಕೊಟ್ಟೆ. ಅಷ್ಟು ಚಿಕ್ಕ ತುಂಡನ್ನು ಮುಷ್ಟಿಯಲ್ಲಿ ಹಿಡಿದು ಬರೆಯಲಾಗದ ಕಾರಣ ಬೆರಳ ತುದಿಗಳು ತಾವಾಗಿಯೇ ಮುಂದೆ ಬಂದವು. ಮೂರು ವಾರಗಳಲ್ಲಿ ಹಿಡಿತ ಸರಿಹೋಯಿತು. ಅಂಗೈ ಅಗಲದ ಒಂದು ಅಕ್ಷರವನ್ನು ನಾನು ಬರೆಯುತ್ತಿದ್ದೆ, ಅವಳು ಒದ್ದೆ ಸ್ಪಂಜಿನ ಮೂಲೆಯಿಂದ ಅದೇ ದಾರಿಯಲ್ಲಿ ಅದನ್ನು ಅಳಿಸುತ್ತಿದ್ದಳು. ಆ ಒದ್ದೆ ಗುರುತು ಆರಿಹೋಗುವ ಮೊದಲು ಅದರ ಮೇಲೆ ಬರೆಯಬೇಕು, ಆರಿದ ಮೇಲೆ ಪಕ್ಕದಲ್ಲಿ ನೆನಪಿನಿಂದ ಬರೆಯಬೇಕು. ಗುರುತು ಕಣ್ಣೆದುರೇ ಮಾಯವಾಗುವುದರಿಂದ ಅದಕ್ಕೆ ಜೋತುಬೀಳುವ ಅಭ್ಯಾಸ ಬೆಳೆಯಲಿಲ್ಲ. ಎಷ್ಟು ನೀರು ಇರಬೇಕು ಎಂಬುದರಲ್ಲಿ ಒಂದು ಸೂಕ್ಷ್ಮವಿದೆ. ಎರಡು ದಿನ ಮಾಡಿ ನೋಡಿದವರಿಗೆ ಅದು ತಾನಾಗಿಯೇ ತಿಳಿಯುವುದರಿಂದ ಇಲ್ಲಿ ಹೇಳುವುದಿಲ್ಲ.

ವರ್ಣಮಾಲೆಯ 49 ಅಕ್ಷರಗಳನ್ನು ಅದೇ ಕ್ರಮದಲ್ಲಿ ಬರೆಸಲು ಹೊರಟರೆ ಇ, ಈ, ಋಗಳ ಸುಳಿಗಳು ಮೊದಲ ವಾರದಲ್ಲೇ ಎದುರಾಗಿ ಮಗು ಹೆದರುತ್ತದೆ. ಕರ್ನಾಟಕದ ಸರ್ಕಾರಿ ಶಾಲೆಗಳ ಚಿಕ್ಕ ಮಕ್ಕಳಿಗಾಗಿ ರೂಪಿಸಿದ ನಲಿಕಲಿ ಎಂಬ ಕಲಿಕಾ ಪದ್ಧತಿಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮ ಬಿಟ್ಟು ‘ರ ಗ ಸ ದ ಅ’ ಎಂದು ಶುರುವಾಗುತ್ತವೆ. ನಾನು ಅಲ್ಲಿಂದ ಹೊರಟು, ಆಮೇಲೆ ಆಕಾರದ ಬಳಗಗಳನ್ನು ನನ್ನದೇ ರೀತಿಯಲ್ಲಿ ಕಟ್ಟಿಕೊಂಡೆ. ‘ರ’ ಕೈಗೆ ಬಂದರೆ ‘ಠ’ಕ್ಕೆ ಒಂದು ಚುಕ್ಕೆ ಸಾಕು, ‘ದ’ ಬಂದರೆ ‘ಥ’ ಮತ್ತು ‘ಧ’ ಹೆಚ್ಚು ದೂರವಿಲ್ಲ. ತಲೆಕಟ್ಟನ್ನು ಯಾವಾಗಲೂ ಕೊನೆಗೆ ಹಾಕಬೇಕೆಂಬ ಒಂದು ನಿಯಮವನ್ನು ಮಾತ್ರ ಎಂದೂ ಸಡಿಲಿಸಲಿಲ್ಲ. ದಿನಕ್ಕೆ ಹತ್ತು ನಿಮಿಷ. ಒಂದು ಅಕ್ಷರವನ್ನು ಮೂರೇ ಸಲ ಬರೆದು, ಮೂರರಲ್ಲಿ ಚೆನ್ನಾಗಿರುವುದು ಯಾವುದೆಂದು ಅವಳೇ ಸುತ್ತು ಹಾಕಬೇಕು. ಪುಟ ತುಂಬಿಸುವಾಗ ಕೊನೆಯ ಸಾಲು ಮೊದಲ ಸಾಲಿಗಿಂತ ಕೆಟ್ಟಿರುವುದನ್ನು ನೀವೆಲ್ಲರೂ ಕಂಡಿದ್ದೀರಿ; ಮಗು ಅಲ್ಲಿ ಅಭ್ಯಾಸ ಮಾಡುವುದು ಕೆಟ್ಟ ಅಕ್ಷರವನ್ನೇ.

ನಡುವೆ ಉಪ್ಪುಕಾಗದದ ಅಕ್ಷರಗಳನ್ನೂ ಕತ್ತರಿಸಿ ನೋಡಿದೆ. 1907ರಲ್ಲಿ ರೋಮ್‌ನಲ್ಲಿ ಮಕ್ಕಳ ಮನೆಯನ್ನು ತೆರೆದ ಮರಿಯಾ ಮಾಂಟೆಸ್ಸೊರಿಯವರು ಬೆರಳಿನಿಂದ ಸವರಿ ಅಕ್ಷರದ ದಾರಿ ಕಲಿಸುತ್ತಿದ್ದ ವಿಧಾನ ಅದು. ‘ಗ’, ‘ರ’ಗಳಿಗೆ ಚೆನ್ನಾಗಿಯೇ ನಡೆಯಿತು, ಆದರೆ ‘ಕ್ಷ’ ಮತ್ತು ‘ಋ’ಗಳನ್ನು ಕತ್ತರಿಸುವುದರಲ್ಲೇ ನನ್ನ ಎರಡು ಸಂಜೆಗಳು ಕಳೆದುದರಿಂದ ಅಲ್ಲಿಗೇ ನಿಲ್ಲಿಸಿದೆ. ಇನ್ನೊಂದು ಪ್ರಯೋಗವನ್ನು ನೆರೆಮನೆಯ ಎಡಗೈ ಹುಡುಗನ ಜೊತೆ ಮಾಡಿದೆ. ಹಾಳೆಯನ್ನು ಬಲಕ್ಕೆ ವಾಲಿಸಿ, ಕೈಯನ್ನು ಸಾಲಿನ ಕೆಳಗೆ ಇಡುವಂತೆ ಹೇಳಿಕೊಟ್ಟ ಮೇಲೆ ಅವನ ಮಣಿಕಟ್ಟು ಕೊಕ್ಕೆಯಂತೆ ಬಾಗುವುದು ಬಹಳಷ್ಟು ಕಡಿಮೆಯಾಯಿತು.

ಸುಮಾರು ನಾಲ್ಕು ತಿಂಗಳು ಸ್ಲೇಟಿನಲ್ಲೇ ಬರೆಸಿದ ಬಳಿಕ ಪೆನ್ಸಿಲ್‌ಗೆ ಬಂದೆವು. ಎಚ್‌ಬಿ ಬದಲು ಮೆದುವಾದ ೨ಬಿ ಕೊಟ್ಟದ್ದರಿಂದ ಒತ್ತಿ ಬರೆದು ಹಾಳೆ ಹರಿಯುವುದು ನಿಂತಿತು. ಕೊಂಬು, ಗುಡಿಸು, ಏತ್ವಗಳು ಹೆಚ್ಚು ಕಾಡಲಿಲ್ಲ. ಒತ್ತಕ್ಷರಗಳು ಮಾತ್ರ ಕೆಳಗಿನ ಸಾಲಿಗೆ ನುಗ್ಗುತ್ತಿದ್ದವು. ಅದಕ್ಕೆ ನಾನು ಕಂಡುಕೊಂಡ ಉಪಾಯವನ್ನು ಇನ್ನಿಬ್ಬರು ಮಕ್ಕಳಲ್ಲಿ ಪರೀಕ್ಷಿಸಿದ ಮೇಲೆಯೇ ಬರೆಯುತ್ತೇನೆ. ‘ಣ’ದ ಒಳಸುಳಿ ಅವಳಿಗೆ ಇನ್ನೂ ಒಲಿದಿಲ್ಲ. ಕಳೆದ ವಾರದಿಂದ ಅದೊಂದನ್ನು ಮತ್ತೆ ಸ್ಲೇಟಿಗೆ ತಂದಿದ್ದೇವೆ.