ಪದ್ಮಿನಿಯ ಮುಳ್ಳು ಮತ್ತೆ ಎದ್ದಿತು

ಮೈಸೂರಿನ ನಮ್ಮ ಹಳೇ ಪದ್ಮಿನಿ ಕಾರಿನ ಸ್ಪೀಡೋಮೀಟರ್ ಮುಳ್ಳು ಸುಮ್ನೆ ಕುಣಿಯುತ್ತಿತ್ತು. ನಂಜನಗೂಡು ರಸ್ತೆಯಲ್ಲಿ ಟಕಟಕ ಸದ್ದು ಮಾಡಿ ಸೊನ್ನೆಗೆ ಬಿದ್ದೇಬಿಟ್ಟಿತು. ಕಿಲೋಮೀಟರ್ ಅಂಕಿಯೂ ನಿಂತಿತು. ಎರಡೂ ಒಟ್ಟಿಗೆ ನಿಂತರೆ ಮೊದಲ ಅನುಮಾನ ಗೇರ್‌ಬಾಕ್ಸ್‌ನಿಂದ ಮೀಟರಿನವರೆಗೆ ತಿರುಗುತ್ತಾ ಬರುವ ಕೇಬಲ್ ಮೇಲೆ. ಅಂಕಿ ಓಡುತ್ತಾ ಮುಳ್ಳು ಮಾತ್ರ ಸತ್ತಿದ್ದರೆ ತೊಂದರೆ ಮೀಟರಿನದ್ದು.

ಮೀಟರಿನ ಹಿಂದಿನ ನಟ್ ಬಿಚ್ಚಿ, ನ್ಯೂಟ್ರಲ್‌ನಲ್ಲಿ ಕಾರು ತಳ್ಳಿಸಿದೆ. ಕೇಬಲ್ ಒಳಗಿನ ತಂತಿ ತಿರುಗಲಿಲ್ಲ. ಎಳೆದರೆ ಅರ್ಧವೇ ಕೈಗೆ ಬಂತು! ಉಳಿದದ್ದನ್ನು ಗೇರ್‌ಬಾಕ್ಸ್ ಕಡೆಯಿಂದ ತೆಗೆದೆ.

ಹಳೇ ತುಂಡುಗಳನ್ನು ಅಂಗಡಿಗೇ ಒಯ್ದು, ಪಕ್ಕದಲ್ಲಿಟ್ಟು ನೋಡಿ ಹೊಸ ಕೇಬಲ್ ತಂದೆ. ಉದ್ದ ಸರಿಯಿದ್ದರೆ ಸಾಲದು, ತುದಿಯ ಚೌಕವೂ ಹೊಂದಬೇಕು. ತಂತಿಗೆ ತೆಳ್ಳಗೆ ಗ್ರೀಸ್ ಸವರಿದೆ. ಮೀಟರ್ ಕಡೆಯ ತುದಿಗೆ ಮಾತ್ರ ಬೇಡ. ಮೀಟರ್ ಒಳಗೆ ಅಯಸ್ಕಾಂತ ತಿರುಗುತ್ತಾ, ತಾಗದೆಯೇ ಒಂದು ಪುಟ್ಟ ಲೋಹದ ಬಟ್ಟಲನ್ನು ಎಳೆಯುತ್ತದೆ. ಮುಳ್ಳು ಏಳುವುದು ಅದರಿಂದಲೇ. ಗ್ರೀಸ್ ಅಲ್ಲಿಗೆ ಏರಿದರೆ ಎಲ್ಲಾ ಅಂಟಿಕೊಳ್ಳುತ್ತದೆ.

ಕೇಬಲ್ ಹಾಯಿಸುವಾಗ ಜಾಸ್ತಿ ಬಾಗಿಸಬಾರದು. ಹಳೆಯದು ಮುರಿದಿದ್ದು ಡ್ಯಾಶ್‌ಬೋರ್ಡ್ ಹಿಂದಿನ ಅಂಥ ಬಾಗಿನಲ್ಲೇ. ಸೈಲೆನ್ಸರ್ ಪೈಪಿನಿಂದಲೂ ದೂರ ಇಟ್ಟೆ.

ಅದೇ ರಸ್ತೆಯಲ್ಲಿ ಓಡಿಸಿ ಫೋನಿನ ಜಿಪಿಎಸ್ ಜೊತೆ ಹೋಲಿಸಿದೆ. ಮೀಟರ್ 50 ಅಂದಾಗ ಫೋನು 47. ಈ ವಯಸ್ಸಿನ ಕಾರಿಗೆ ಅಷ್ಟು ಸಾಕು, ಅಲ್ವಾ?