ಹಳೇ ಮಿನಿ ಟ್ರ್ಯಾಕ್ಟರ್ ಬೆಳಿಗ್ಗೆ ಸ್ಟಾರ್ಟ್ ಆಗುತ್ತಿಲ್ಲವೇ? ಪಂಪು ಬಿಚ್ಚುವ ಮುನ್ನ ಇಷ್ಟು ನೋಡಿ

ವಿಜಯಪುರದ ದ್ರಾಕ್ಷಿ ತೋಟಗಳಲ್ಲಿ, ಮಲೆನಾಡಿನ ಅಡಿಕೆ ಸಾಲುಗಳ ನಡುವೆ ವರ್ಷಗಟ್ಟಲೆ ದುಡಿದ ಮಿನಿ ಟ್ರ್ಯಾಕ್ಟರ್‌ಗಳಿಗೆ ಡಿಸೆಂಬರ್, ಜನವರಿ ಕಷ್ಟದ ತಿಂಗಳು. ಮಿತ್ಸುಬಿಷಿ ಶಕ್ತಿ ಎಂಟಿ 180ಡಿ ಇರಲಿ, ಅದೇ ಅಳತೆಯ ಬೇರೆ ಮೂರು ಸಿಲಿಂಡರ್ ಗಾಡಿ ಇರಲಿ, ದೂರು ಒಂದೇ: ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ. ‘ಪಂಪು ಹೋಗಿದೆ’ ಎಂದು ಯಾರೋ ಹೇಳುತ್ತಾರೆ, ಅಂದರೆ ನಾಝಲ್‌ಗಳಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಪಂಪು. ಪಂಪು ಬಿಚ್ಚಿ ಪೇಟೆಗೆ ಒಯ್ದು, ಕ್ಯಾಲಿಬ್ರೇಷನ್ ಮಾಡಿಸಿ ತಂದು ಕೂರಿಸಿದ ಮೇಲೂ ಗಾಡಿ ಅದೇ ಹಟ ಹಿಡಿಯುತ್ತದೆ. ಇಂಥ ಎಂಜಿನ್‌ಗಳಲ್ಲಿ ಪಂಪು ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಬ್ಯಾಟರಿ ವೈರು, ಹೀಟರ್ ಪ್ಲಗ್ಗು, ಡೀಸೆಲ್ ಲೈನಿನಲ್ಲಿ ಸೇರಿದ ಗಾಳಿ, ಈ ಮೂರನ್ನು ಮೊದಲು ನೋಡಬೇಕು. ಮೂರನ್ನೂ ತೋಟದಲ್ಲೇ ಪರೀಕ್ಷಿಸಬಹುದು.

ಚಳಿಗೂ ಈ ಎಂಜಿನ್‌ಗೂ ಏಕೆ ಆಗಿಬರುವುದಿಲ್ಲ ಎಂಬುದನ್ನು ತಿಳಿದರೆ ಉಳಿದದ್ದು ಸುಲಭ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ. ಪಿಸ್ಟನ್ ಗಾಳಿಯನ್ನು ಒತ್ತಿದಾಗ ಹುಟ್ಟುವ ಶಾಖಕ್ಕೇ ಡೀಸೆಲ್ ಹೊತ್ತಿಕೊಳ್ಳಬೇಕು. ದೊಡ್ಡ ಟ್ರ್ಯಾಕ್ಟರ್‌ಗಳಲ್ಲಿ ನಾಝಲ್ ನೇರವಾಗಿ ಪಿಸ್ಟನ್ನಿನ ಮೇಲೆ ಸಿಂಪಡಿಸುತ್ತದೆ. ಜಪಾನಿ ವಿನ್ಯಾಸದ ಹಳೆಯ ಸಣ್ಣ ಎಂಜಿನ್‌ಗಳಲ್ಲಿ ಹೆಡ್ಡಿನೊಳಗೆ ಪುಟ್ಟ ಕೋಣೆಯೊಂದಿದ್ದು, ಡೀಸೆಲ್ ಬೀಳುವುದು ಅಲ್ಲಿಗೆ. ತಣ್ಣಗಿರುವಾಗ ಆ ಕೋಣೆಯ ಗೋಡೆ ಗಾಳಿಯ ಶಾಖವನ್ನೆಲ್ಲ ಹೀರಿಬಿಡುತ್ತದೆ. ಅದಕ್ಕೇ ಪ್ರತಿ ಕೋಣೆಗೂ ಒಂದು ಹೀಟರ್ ಪ್ಲಗ್. ಪ್ಲಗ್ ಕಾಯದಿದ್ದರೆ, ಇಲ್ಲವೇ ಎಂಜಿನ್ ನಿಧಾನಕ್ಕೆ ತಿರುಗಿ ಗಾಳಿ ಸೋರಿಹೋಗಲು ಸಮಯ ಸಿಕ್ಕರೆ, ಡೀಸೆಲ್ ಹೊತ್ತದೆ ಬಿಳಿ ಹೊಗೆಯಾಗಿ ಹೊರಬರುತ್ತದೆ.

ಮೊದಲು ಹೊಗೆ ನೋಡಿ

ಸ್ಪ್ಯಾನರ್ ಹಿಡಿಯುವ ಮುಂಚೆ ಒಬ್ಬರನ್ನು ಸೈಲೆನ್ಸರ್ ನೋಡಲು ನಿಲ್ಲಿಸಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಪಿಟಿಒ (ಉಪಕರಣಗಳನ್ನು ತಿರುಗಿಸುವ ಶಾಫ್ಟ್) ಬಿಟ್ಟಿರಲಿ, ಬ್ರೇಕ್ ಹಾಕಿ ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಈಗ ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ.

ಹೊಗೆಯೇ ಇಲ್ಲದಿದ್ದರೆ ಸಿಲಿಂಡರಿಗೆ ಡೀಸೆಲ್ ಹೋಗುತ್ತಿಲ್ಲ. ಹೀಟರ್ ಪ್ಲಗ್ ಕಡೆಗೆ ತಲೆ ಹಾಕಬೇಡಿ, ನೇರ ಡೀಸೆಲ್ ಲೈನಿಗೆ ಹೋಗಿ. ಬಿಳಿ ಹೊಗೆ ದಟ್ಟವಾಗಿ ಬಂದರೆ ಡೀಸೆಲ್ ಹೋಗುತ್ತಿದೆ, ಹೊತ್ತುತ್ತಿಲ್ಲ. ತಪ್ಪು ಪ್ಲಗ್ಗಿನದೋ, ಸೆಲ್ಫ್ ನಿಧಾನದ್ದೋ, ಕಂಪ್ರೆಷನ್ನಿನದೋ (ಪಿಸ್ಟನ್ ಗಾಳಿ ಒತ್ತುವ ಬಲ) ಆಗಿರುತ್ತದೆ. ಕಪ್ಪು ಹೊಗೆಯೊಂದಿಗೆ ಗೊರಗೊರ ಎಂದು ಹಿಡಿದು ಬಿಟ್ಟರೆ ಏರ್ ಕ್ಲೀನರ್ ಕಟ್ಟಿದೆ ಅಥವಾ ನಾಝಲ್ ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿದೆ.

ಯಾವ ಹೊತ್ತಿನಲ್ಲಿ ತೊಂದರೆ ಎಂಬುದೂ ಮುಖ್ಯ. ಬೆಳಿಗ್ಗೆ ಮಾತ್ರ ಕಷ್ಟ, ಒಮ್ಮೆ ಬಿಸಿಯಾದರೆ ಸಲೀಸು ಎಂದರೆ ಹೆಚ್ಚಿನ ಸಲ ಪ್ಲಗ್ಗು. ರಾತ್ರಿ ನಿಲ್ಲಿಸಿದ್ದು ಬೆಳಿಗ್ಗೆ ಒಂದು ಕ್ಷಣ ಸ್ಟಾರ್ಟ್ ಆಗಿ ಕೆಟ್ಟರೆ ಲೈನಿನಲ್ಲಿ ಗಾಳಿ. ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗಿ, ಮಧ್ಯಾಹ್ನ ಕಾದಿರುವಾಗ ಆರಿಸಿದರೆ ಮತ್ತೆ ಹಿಡಿಯದೆ, ಒಂದು ಗಂಟೆ ತಣಿದ ಮೇಲೆ ಹಿಡಿದರೆ ಆಗ ಪಂಪಿನೊಳಗೆ ಡೀಸೆಲನ್ನು ಒತ್ತುವ ಪ್ಲಂಜರ್ ಸವೆದಿರುವ ಅನುಮಾನ ಪಡಬಹುದು. ಕಾದ ಡೀಸೆಲ್ ತೆಳ್ಳಗಾಗಿ ಸವೆದ ಸಂದಿನಲ್ಲಿ ಸೋರುತ್ತದೆ. ಆಗಲೂ ಬಿಸಿಗೆ ಸೆಲ್ಫ್ ಮೋಟಾರೇ ಬಿಗಿಯಾಗಿ ನಿಧಾನವಾಗುತ್ತಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಬ್ಯಾಟರಿಗಿಂತ ವೈರಿನ ಮೇಲೆ ಕಣ್ಣಿಡಿ

ಮುನ್ನೂರು ನಾನೂರು ರೂಪಾಯಿಗೆ ಸಿಗುವ ಡಿಜಿಟಲ್ ಮೀಟರ್ ಒಂದಿದ್ದರೆ ಸಾಕು. ರಾತ್ರಿಯಿಡೀ ಸುಮ್ಮನಿದ್ದ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ತೋರಿಸಿದರೆ ತುಂಬಿದೆ. 12.4 ಆದರೆ ಮುಕ್ಕಾಲು. 12ರ ಆಸುಪಾಸಿಗೆ ಇಳಿದಿದ್ದರೆ ಚಾರ್ಜ್ ಮಾಡದೆ ಮುಂದಿನ ಯಾವ ಪರೀಕ್ಷೆಯನ್ನೂ ನಂಬುವಂತಿಲ್ಲ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ.

ಬ್ಯಾಟರಿ ಗಟ್ಟಿಯಾಗಿದ್ದೂ ಸೆಲ್ಫ್ ಅಳುತ್ತಾ ತಿರುಗಿದರೆ ವೈರನ್ನು ಪರೀಕ್ಷಿಸಿ. ಸ್ಟಾಪ್ ಗುಂಡಿ ಎಳೆದಿಟ್ಟುಕೊಳ್ಳಿ, ಎಂಜಿನ್ ಹಿಡಿಯಬಾರದು. ಮೀಟರಿನ ಕೆಂಪು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್ ಗೂಟಕ್ಕೇ ಒತ್ತಿ, ಕ್ಲಾಂಪಿಗಲ್ಲ. ಕಪ್ಪು ಕಡ್ಡಿಯನ್ನು ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿಗೆ ಇಡಿ. ಸೆಲ್ಫ್ ಹೊಡೆಯುವಾಗ ಅಲ್ಲಿ ಅರ್ಧ ವೋಲ್ಟ್ ದಾಟಬಾರದು. ಇದೇ ರೀತಿ ನೆಗೆಟಿವ್ ಗೂಟದಿಂದ ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಜಾಗಕ್ಕೆ ಅಳೆಯಿರಿ, 0.3 ವೋಲ್ಟ್ ದಾಟಬಾರದು. ಹಳೇ ಗಾಡಿಗಳಲ್ಲಿ ದೋಷ ಹೆಚ್ಚಾಗಿ ಸಿಗುವುದು ಈ ಅರ್ತ್ ಕಡೆಯಲ್ಲೇ. ಚಾಸಿಗೆ ಕೂರುವ ಬೋಲ್ಟಿನ ಕೆಳಗೆ ಬಣ್ಣ, ತುಕ್ಕು, ಗ್ರೀಸು ಸೇರಿ ಪದರ ಕಟ್ಟಿರುತ್ತದೆ. ಹೊರಗಿನಿಂದ ಬಿಗಿಯಾಗಿಯೇ ಕಾಣುತ್ತದೆ.

ಶುಚಿ ಮಾಡುವಾಗ ನೆಗೆಟಿವ್ ಮೊದಲು ಬಿಚ್ಚಿ, ಕಡೆಗೆ ಹಾಕಿ. ಗೂಟದ ಬಿಳಿ ಹಸಿರು ಪುಡಿಗೆ ಒಂದು ಲೋಟ ಬಿಸಿನೀರಲ್ಲಿ ಒಂದು ಚಮಚ ಅಡುಗೆ ಸೋಡಾ ಕಲಸಿ ಹಳೇ ಬ್ರಷ್‌ನಲ್ಲಿ ಉಜ್ಜಿ. ನೀರು ಬ್ಯಾಟರಿಯೊಳಗೆ ಹೋಗದಂತೆ ಮುಚ್ಚಳಗಳು ಬಿಗಿಯಾಗಿರಲಿ. ಒಣಗಿಸಿ, ಉಪ್ಪುಕಾಗದದಿಂದ ತಿಕ್ಕಿ, ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ವೈರ್ ಬದಲಿಸುವುದಾದರೆ 35 ಚದರ ಮಿಲಿಮೀಟರಿಗಿಂತ ಸಣ್ಣ ತಾಮ್ರದ ವೈರ್ ಬೇಡ.

ಕೀ ತಿರುಗಿಸಿದಾಗ ‘ಟಕ್’ ಎಂದು ಒಂದೇ ಸದ್ದು ಬಂದು ನಿಂತರೆ ಸೆಲ್ಫ್ ಮೋಟಾರಿಗೆ ಕರೆಂಟ್ ಕೊಡುವ ಸೊಲೆನಾಯ್ಡ್ ಸ್ವಿಚ್ಚಿನ ಕಾಂಟ್ಯಾಕ್ಟ್ ಸುಟ್ಟಿದೆ ಅಥವಾ ಜೋಡಣೆ ಸಡಿಲ. ಟಕಟಕ ಎಂದು ಬಡಿದುಕೊಂಡರೆ ಬ್ಯಾಟರಿ ಇಳಿದಿದೆ. ಸದ್ದೇ ಇಲ್ಲದಿದ್ದರೆ ಕ್ಲಚ್ ಅಥವಾ ಗೇರ್ ಲಿವರಿನ ಸೇಫ್ಟಿ ಸ್ವಿಚ್ ನೋಡಿ. ಆ ಸ್ವಿಚ್ಚನ್ನು ತಪ್ಪಿಸಲು ಸ್ಕ್ರೂಡ್ರೈವರಿನಿಂದ ಸೆಲ್ಫ್ ಮೋಟಾರಿನ ಬೋಲ್ಟುಗಳನ್ನು ಮುಟ್ಟಿಸಿ ಸ್ಟಾರ್ಟ್ ಮಾಡುವ ಅಭ್ಯಾಸ ಪ್ರಾಣ ತೆಗೆಯುವಂಥದ್ದು. ಗೇರಿನಲ್ಲಿದ್ದ ಟ್ರ್ಯಾಕ್ಟರ್ ಪಕ್ಕದಲ್ಲಿ ನಿಂತವರ ಮೇಲೇ ಹರಿಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ, ಮಾಡಲು ಬಿಡಬೇಡಿ.

ಹೀಟರ್ ಪ್ಲಗ್ ಕಾಯುತ್ತಿದೆಯೇ?

ಡ್ಯಾಶ್‌ಬೋರ್ಡಿನ ದೀಪ ಉರಿದ ಮಾತ್ರಕ್ಕೆ ಪ್ಲಗ್ ಕಾದಿದೆ ಎಂದಲ್ಲ. ಕೆಲವು ಹಳೇ ಗಾಡಿಗಳಲ್ಲಿ ದೀಪದ ಬದಲು ಜಾಲರಿಯ ಹಿಂದೆ ಒಂದು ಸುರುಳಿ ಕೆಂಪಗಾಗುತ್ತದೆ. ಅದು ಪ್ಲಗ್ಗುಗಳ ಕರೆಂಟೇ ಹರಿಯುವ ಸುರುಳಿ, ಹಾಗಾಗಿ ಹೆಚ್ಚು ನಂಬಬಹುದು. ಮಂಕಾಗಿ, ತಡವಾಗಿ ಕೆಂಪಾದರೆ ಯಾವುದೋ ಪ್ಲಗ್ ಸುಟ್ಟಿದೆ. ಕೀ ತಿರುಗಿಸುತ್ತಲೇ ಝಗ್ಗನೆ ಬೆಳಗಿದರೆ ಎಲ್ಲೋ ಶಾರ್ಟ್ ಆಗಿದೆ.

ಎಂಜಿನ್ ಪೂರ್ತಿ ತಣ್ಣಗಿರುವಾಗ ಪ್ಲಗ್ಗುಗಳ ತಲೆಯನ್ನು ಜೋಡಿಸುವ ಲೋಹದ ಪಟ್ಟಿಯನ್ನು ಬಿಚ್ಚಿ ತೆಗೆಯಿರಿ. ಪಟ್ಟಿ ಇರುವಾಗ ಅಳೆದರೆ ಮೂರೂ ಪ್ಲಗ್ ಸೇರಿ ಲೆಕ್ಕ ತಪ್ಪುತ್ತದೆ. ಮೀಟರನ್ನು 200 ಓಮ್‌ಗೆ ತಿರುಗಿಸಿ, ಮೊದಲು ಎರಡೂ ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ. ಆಗ ಬರುವ 0.3ರಿಂದ 0.5 ಓಮ್ ಮೀಟರಿನ ವೈರಿನದೇ, ಅದನ್ನು ಕಳೆಯಬೇಕು. ಆಮೇಲೆ ಒಂದು ಕಡ್ಡಿ ಪ್ಲಗ್ಗಿನ ತಲೆಗೆ, ಇನ್ನೊಂದು ಬ್ಲಾಕಿಗೆ. ಅರ್ಧದಿಂದ ಎರಡು ಓಮ್ ಒಳಗಿದ್ದರೆ ಪ್ಲಗ್ ಜೀವಂತ. ಮೀಟರ್ ಏನೂ ತೋರಿಸದಿದ್ದರೆ ಒಳಗಿನ ತಂತಿ ಕಡಿದಿದೆ. ಮೀಟರ್ ಇಲ್ಲದವರು 12 ವೋಲ್ಟಿನ ಬಲ್ಬಿನ ಒಂದು ವೈರನ್ನು ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದನ್ನು ಪ್ಲಗ್ಗಿನ ತಲೆಗೆ ಮುಟ್ಟಿಸಲಿ. ಉರಿದರೆ ಪ್ಲಗ್ ಸರಿ.

ಮೂರರಲ್ಲಿ ಒಂದು ಹೋದರೆ ಗಾಡಿ ನಡುಗುತ್ತಾ ಸ್ಟಾರ್ಟ್ ಆಗುತ್ತದೆ, ಎರಡು ಹೋದರೆ ಚಳಿಯಲ್ಲಿ ಆಗುವುದೇ ಕಷ್ಟ. ಮೂರೂ ಸರಿ ಇದ್ದೂ ಕಾಯದಿದ್ದರೆ, ಪಟ್ಟಿಯನ್ನು ಮರಳಿ ಹಾಕಿ ಕೀಯನ್ನು ಹೀಟ್ ಜಾಗಕ್ಕೆ ತಿರುಗಿಸಿ ಪಟ್ಟಿಯಲ್ಲೇ ವೋಲ್ಟ್ ಅಳೆಯಿರಿ. ಸುರುಳಿ ಇಲ್ಲದ ಗಾಡಿಯಲ್ಲಿ 11ರ ಆಸುಪಾಸು ಸಿಗಬೇಕು, ಸುರುಳಿ ಇದ್ದರೆ ಇನ್ನಷ್ಟು ಕಡಿಮೆ ಸಹಜ. ಸುರುಳಿ ಇಲ್ಲದೆಯೂ ಏಳೆಂಟು ವೋಲ್ಟ್ ಮಾತ್ರ ಬಂದರೆ ಕೀ ಸ್ವಿಚ್ಚಿನ ಕಾಂಟ್ಯಾಕ್ಟ್ ಸುಟ್ಟಿದೆ. ಒಂದೊಂದು ಪ್ಲಗ್ ಹತ್ತು ಆ್ಯಂಪಿಯರ್ ಎಳೆದರೂ ಮೂರಕ್ಕೆ ಮೂವತ್ತಾಯಿತು. ಸವೆದ ಸ್ವಿಚ್ಚು ಅಷ್ಟು ಹೊರಲಾರದು. 40 ಆ್ಯಂಪಿಯರ್ ರಿಲೇ ಮತ್ತು ಫ್ಯೂಸ್ ಹಾಕಿ ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆಸಿದರೆ ಆ ಸಮಸ್ಯೆ ಮುಗಿಯಿತು.

ಪ್ಲಗ್ ಬಿಚ್ಚುವುದಾದರೆ ಎಂಜಿನ್ ಉಗುರುಬೆಚ್ಚಗಿರಲಿ, ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಡಿ. ಬಿಗಿ ಬಂದರೆ ಹಿಂದೆ ಮುಂದೆ ಆಡಿಸುತ್ತಾ ತೆಗೆಯಬೇಕು. ಜೋರು ಮಾಡಿ ತುದಿ ಮುರಿದು ಒಳಗೆ ಬಿದ್ದರೆ ಹೆಡ್ ಇಳಿಸದೆ ಗತಿಯಿಲ್ಲ. ತೆಗೆದ ಪ್ಲಗ್ಗಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ: ಮೊನೆ ಉಬ್ಬಿದ್ದರೆ, ಕರಗಿದಂತಿದ್ದರೆ ಆ ಸಿಲಿಂಡರಿನ ನಾಝಲ್ ತೊಟ್ಟಿಕ್ಕುತ್ತಿರಬಹುದು. ನಾಝಲ್ ಸರಿಪಡಿಸದೆ ಹೊಸ ಪ್ಲಗ್ ಹಾಕಿದರೆ ಅದೂ ಬೇಗ ಸುಡುತ್ತದೆ. ಸಾಮಾನ್ಯವಾಗಿ 10ರಿಂದ 20 ಸೆಕೆಂಡ್ ಕಾಯಿಸಿದರೆ ಸಾಕು. ನಿಮಿಷಗಟ್ಟಲೆ ಹಿಡಿದರೆ ಪ್ಲಗ್ಗೂ ಬ್ಯಾಟರಿಯೂ ಹಾಳು.

ಪ್ಲಗ್ ಸತ್ತ ಗಾಡಿಗೆ ಏರ್ ಕ್ಲೀನರ್ ಬಾಯಿಗೆ ಪೆಟ್ರೋಲ್ ಅದ್ದಿದ ಬಟ್ಟೆ ಹಿಡಿಯುವುದನ್ನು, ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದನ್ನು ಎಲ್ಲೆಡೆ ಕಾಣುತ್ತೇವೆ. ಒಳಗೆ ಒಂದೇ ಒಂದು ಪ್ಲಗ್ ಕೆಂಪಗಿದ್ದರೂ ಆ ಆವಿ ಸಮಯಕ್ಕೆ ಮೊದಲೇ ಸಿಡಿದು ರಿಂಗು ಮುರಿಯುತ್ತದೆ, ಪಿಸ್ಟನ್ ಸೀಳುತ್ತದೆ. ಇನ್‌ಟೇಕ್ ಕಡೆಗೆ ಬೆಂಕಿ ಹಿಮ್ಮೆಟ್ಟಿದರೆ ಮುಖ ಸುಡುತ್ತದೆ.

ಡೀಸೆಲ್ ಲೈನಿನ ಗಾಳಿ ತೆಗೆಯುವುದು

ಮೊದಲು ಚಿಕ್ಕ ವಿಷಯಗಳು. ಸ್ಟಾಪ್ ಗುಂಡಿಯನ್ನು ಪೂರ್ತಿ ಒಳಕ್ಕೆ ಒತ್ತಿದ್ದರೂ ತುಕ್ಕು ಹಿಡಿದ ಕೇಬಲ್ಲಿನಿಂದ ಪಂಪಿನ ಲಿವರ್ ಅರ್ಧಕ್ಕೇ ನಿಂತಿರಬಹುದು. ಲಿವರನ್ನೇ ಕೈಯಿಂದ ತಳ್ಳಿ ನೋಡಿ. ಟ್ಯಾಂಕ್ ಮುಚ್ಚಳದ ಗಾಳಿತೂತು ಮಣ್ಣಿನಿಂದ ಮುಚ್ಚಿದ್ದರೆ ಡೀಸೆಲ್ ಇಳಿಯುವುದಿಲ್ಲ. ಮುಚ್ಚಳ ಸಡಿಲಿಸಿದಾಗ ಉಸ್ಸೆಂದರೆ ಅದೇ ಕಾರಣ. ಫಿಲ್ಟರ್ ಬಟ್ಟಲಿನ ತಳದಲ್ಲಿ ನೀರಿನ ಗುಳ್ಳೆ ಉರುಳಾಡುತ್ತಿದ್ದರೆ ಬಟ್ಟಲು ಬಿಚ್ಚಿ ತೊಳೆದು, ಟ್ಯಾಂಕಿನ ತಳದಿಂದಲೂ ಅರ್ಧ ಲೀಟರ್ ಇಳಿಸಿ ನೋಡಿ. ಕ್ಯಾನಿನಲ್ಲಿ ತಂದ ಡೀಸೆಲನ್ನು ಒಂದು ರಾತ್ರಿ ತಿಳಿಯಾಗಲು ಬಿಟ್ಟು, ತಳದ ಎರಡು ಬೆರಳಷ್ಟನ್ನು ಸುರಿಯದೆ ಉಳಿಸಿದರೆ ಈ ಪಾಡು ಕಡಿಮೆ.

ಹೊಸ ಫಿಲ್ಟರ್ ಹಾಕಿ ಟ್ಯಾಂಕ್ ಅರ್ಧಕ್ಕಿಂತ ಹೆಚ್ಚು ತುಂಬಿಸಿ, ಕಾಕ್ ತೆರೆಯಿರಿ. ಫಿಲ್ಟರಿನ ಮೇಲಿನ, ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಎರಡು ಸುತ್ತು ಸಡಿಲಿಸಿ. ಕೈಪಂಪು ಇದ್ದರೆ ಒತ್ತುತ್ತಾ ಇರಿ. ನೊರೆ ನಿಂತು ತಿಳಿ ಡೀಸೆಲ್ ಹರಿದ ಮೇಲೆ, ಅದು ಹರಿಯುತ್ತಿರುವಾಗಲೇ ಬಿಗಿಯಿರಿ. ಪಂಪಿನ ಮೇಲಿನ ಸ್ಕ್ರೂಗೂ ಹೀಗೆಯೇ. ಆಮೇಲೆ ನಾಝಲ್ ಕಡೆಯ ಪೈಪ್ ನಟ್ಟುಗಳನ್ನು ಒಂದು ಸುತ್ತು ಸಡಿಲಿಸಿ, ಆ್ಯಕ್ಸಿಲರೇಟರ್ ಪೂರ್ತಿ ಕೊಟ್ಟು, ಹೀಟರ್ ಹಾಕದೆ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ ಹತ್ತು ಸೆಕೆಂಡ್, ನಡುವೆ ಒಂದು ನಿಮಿಷ ಬಿಡುವು. ನಟ್ಟಿನಿಂದ ಚಿಮ್ಮಿ ಚಿಮ್ಮಿ ಡೀಸೆಲ್ ಬಂದರೆ ಬಿಗಿದು ಸ್ಟಾರ್ಟ್ ಮಾಡಿ. ಆ ಚಿಮ್ಮುವಿಕೆಗೆ ಬೆರಳು ಅಡ್ಡ ಹಿಡಿಯಬೇಡಿ. ಒತ್ತಡದ ಡೀಸೆಲ್ ಚರ್ಮ ತೂರಿ ಒಳಸೇರಿದರೆ ನೋವು ಕಾಣದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು.

ಗಾಳಿ ತೆಗೆದ ಮರುದಿನವೇ ಮತ್ತೆ ಗಾಳಿ ಸೇರಿದರೆ ಸೋರುವ ಜಾಗ ಹುಡುಕಬೇಕು. ಪಂಪಿಗೆ ಬರುವ ಪೈಪಿನ ಜಾಗದಲ್ಲಿ ತಾತ್ಕಾಲಿಕವಾಗಿ ಪಾರದರ್ಶಕ ಪೈಪ್ ಹಾಕಿ ಗುಳ್ಳೆ ನೋಡಿ. ಗುಳ್ಳೆ ಬರುತ್ತಿದ್ದರೆ ಒಂದೊಂದೇ ಜಾಯಿಂಟ್ ಬಿಗಿಯುತ್ತಾ ಟ್ಯಾಂಕಿನ ಕಡೆಗೆ ಹೋಗಿ. ಒಣಗಿ ಬಿರಿದ ರಬ್ಬರ್ ಪೈಪು, ಬಟ್ಟಲಿನ ಚಪ್ಪಟೆಯಾದ ರಬ್ಬರ್ ಉಂಗುರ, ಹಳೇ ತಾಮ್ರದ ವಾಷರ್, ನಾಝಲ್ ಮೇಲಿನ ರಿಟರ್ನ್ ಪೈಪಿನ ಕೊನೆಯ ಪುಟ್ಟ ರಬ್ಬರ್ ಮುಚ್ಚಳ, ಇವೇ ಮಾಮೂಲಿ ಕಳ್ಳರು. ವಾಷರ್ ಹೊಸದು ಸಿಗದಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ತಾಮ್ರ ಮೆತ್ತಗಾಗಿ ಮತ್ತೆ ಕೂರುತ್ತದೆ.

ಇಷ್ಟಾದರೂ ಬಿಳಿ ಹೊಗೆಯೇ ಬಂದರೆ

ಎಂಜಿನ್ ಆಯಿಲ್ 15ಡಬ್ಲ್ಯು-40 ಗ್ರೇಡಿನದೇ ನೋಡಿ. ಹೊಗೆ ತಡೆಯಲೆಂದು ಮಂದ ಆಯಿಲ್ ಸುರಿದಿದ್ದರೆ ಚಳಿಗೆ ಅದು ಗಟ್ಟಿಯಾಗಿ ಸೆಲ್ಫನ್ನು ಎಳೆದು ಹಿಡಿಯುತ್ತದೆ. ಆಮೇಲೆ ಟ್ಯಾಪೆಟ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು. ವಾಲ್ವ್ ಸೀಟು ಸವೆದಂತೆಲ್ಲ ಸಂದು ಕಿರಿದಾಗುತ್ತಾ ಬಂದು ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ. ಸದ್ದಿಲ್ಲದ ಕಾರಣ ಯಾರಿಗೂ ಅನುಮಾನ ಬರುವುದಿಲ್ಲ. ಕೈಪಿಡಿಯ ಅಳತೆಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ಸೆಟ್ ಮಾಡಿದರೆ ಎಷ್ಟೋ ಎಂಜಿನ್‌ಗಳ ಕಂಪ್ರೆಷನ್ ಮರಳಿ ಬರುತ್ತದೆ.

ಕಡೆಗೆ ಹೀಟರ್ ಪ್ಲಗ್ಗಿನ ತೂತಿಗೆ ಡೀಸೆಲ್ ಗೇಜ್ ಕೂರಿಸಿ ಕಂಪ್ರೆಷನ್ ಅಳೆಸಿ; ಪೆಟ್ರೋಲ್ ಗಾಡಿಯ ಗೇಜ್ ಈ ಒತ್ತಡ ತಾಳದು. ಇಂಥ ಎಂಜಿನ್‌ಗಳಲ್ಲಿ ಚದರ ಸೆಂಟಿಮೀಟರಿಗೆ 28ರಿಂದ 32 ಕೆ.ಜಿ. ಬಂದರೆ ಆರೋಗ್ಯ. 22ರ ಕೆಳಗಿಳಿದರೆ ಚಳಿಯಲ್ಲಿ ಎಷ್ಟು ಕಾಯಿಸಿದರೂ ಕಷ್ಟ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗು, ಬೋರು ಸವೆದಿವೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಕಂಪ್ರೆಷನ್ ಮೂರರಲ್ಲೂ ಸಮವಾಗಿ ಚೆನ್ನಾಗಿದ್ದರೆ ಈಗ ನಾಝಲ್‌ಗಳನ್ನು ಬಿಚ್ಚಿ ಟೆಸ್ಟ್ ಬೆಂಚಿಗೆ ಕೊಡಿ. ಹೊಗೆಯಂತೆ ಸಿಂಪಡಣೆ ಬರುತ್ತಿದೆಯೇ, ಒತ್ತಡ ನಿಂತ ಮೇಲೆ ತುದಿ ಒಣಗಿರುತ್ತದೆಯೇ ಎಂಬುದನ್ನು ಪಕ್ಕದಲ್ಲೇ ನಿಂತು ನೋಡಿ. ನಾಝಲ್‌ಗಳೂ ಪಾಸಾದರೆ ಮಾತ್ರ ಪಂಪಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ. ಬಿಚ್ಚುವ ಮುನ್ನ ಪಂಪಿನ ಕೆಳಗಿನ ತೆಳು ತಗಡುಗಳು ಎಷ್ಟಿವೆ ಎಂದು ಎಣಿಸಿಟ್ಟುಕೊಳ್ಳಿ. ಅಷ್ಟನ್ನೇ ಮರಳಿ ಹಾಕದಿದ್ದರೆ ಟೈಮಿಂಗ್, ಅಂದರೆ ಡೀಸೆಲ್ ಸಿಂಪಡಿಸುವ ಹೊತ್ತು, ಬದಲಾಗಿಬಿಡುತ್ತದೆ.